ಗೆಳೆಯನಿಗೊಂದು ಪತ್ರ: ಬ್ಯಾಸ್ಕೆಟ್‌ಬಾಲ್ ನಂಬಿ ಬದುಕಬಹುದೇ ಎಂದು ಕೇಳಿದ್ದೆಯಲ್ಲ

ಮಂಗಳೂರು

ಪ್ರಿಯ ಗೆಳೆಯ,

ಮಗ ಬಿ.ಕಾಂ. ಮುಗಿಸಿ ಬ್ಯಾಸ್ಕೆಟ್‌ಬಾಲನ್ನೇ ವೃತ್ತಿಯಾಗಿ ಹಿಡಿಯುತ್ತೇನೆ ಎನ್ನುತ್ತಿದ್ದಾನೆ, ಅವನಿಗೆ ಅಷ್ಟು ಸಾಮರ್ಥ್ಯವಿದೆಯೇ ಎಂಬುದು ಮುಂಬಯಿಯಲ್ಲಿ ಕುಳಿತ ನನಗೆ ತಿಳಿಯುತ್ತಿಲ್ಲ, ನೀನೇ ನೋಡಿ ಹೇಳು ಎಂದು ನೀನು ನನಗೆ ಬರೆದಿದ್ದೆ. ಈ ವರ್ಷದ ಅಂತರ ಕಾಲೇಜು ಪಂದ್ಯಗಳಲ್ಲಿಯೂ ಸಂಜೆಯ ಅಭ್ಯಾಸದಲ್ಲಿಯೂ ಅವನ ಆಟವನ್ನು ಗಮನವಿಟ್ಟು ನೋಡಿದ್ದೇನೆ. ಇದೇ ಪ್ರಶ್ನೆಯನ್ನು ಇಲ್ಲಿನ ಬೇರೆ ತಂದೆ ತಾಯಿಯರೂ ಕೇಳುತ್ತಿರುವುದರಿಂದ, ನೀನು ಒಪ್ಪಿದಂತೆ, ಈ ಪತ್ರವನ್ನು ಎಲ್ಲರೂ ಓದುವಂತೆ ಇಡುತ್ತಿದ್ದೇನೆ. ಉತ್ತರವನ್ನು ಮೊದಲೇ ಹೇಳುತ್ತೇನೆ. ಈಗ ಆಡುತ್ತಿರುವ ಜಾಗದಲ್ಲಿಯೇ ಮುಂದುವರಿದರೆ ಅವನು ಕಾಲೇಜಿನಿಂದಾಚೆಗೆ ಹೋಗುವುದು ಕಷ್ಟ. ಜಾಗ ಬದಲಿಸಲು ಒಪ್ಪಿದರೆ ಕಿರಿದಾದರೂ ನಿಜವಾದ ಒಂದು ದಾರಿಯಿದೆ.

ಜಾಗ ಎಂದರೆ ಅಂಕಣದಲ್ಲಿ ಆಟಗಾರ ವಹಿಸುವ ಸ್ಥಾನ, ಅದನ್ನು ವಿವರಿಸಬೇಕು. ಹುಡುಗ 6 ಅಡಿ 1 ಇಂಚು ಇದ್ದಾನೆ. ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕಾಲೇಜು ತಂಡಗಳಲ್ಲಿ ಅಷ್ಟು ಎತ್ತರದ ಹುಡುಗ ಸಿಕ್ಕಿದರೆ ಯಾವ ತರಬೇತುದಾರರಾದರೂ ಅವನನ್ನು ಬುಟ್ಟಿಯ ಕೆಳಗೇ ನಿಲ್ಲಿಸುತ್ತಾರೆ. ಅವನು ಅಲ್ಲಿ ಚೆನ್ನಾಗಿಯೂ ಆಡುತ್ತಾನೆ. ರೀಬೌಂಡಿಗೆ, ಅಂದರೆ ಬುಟ್ಟಿಗೆ ಬೀಳದೆ ಮರಳುವ ಚೆಂಡಿಗೆ, ಜಿಗಿಯುವ ಗಳಿಗೆಯನ್ನು ಸರಿಯಾಗಿ ಅಂದಾಜಿಸುತ್ತಾನೆ, ಬೆನ್ನು ಕೊಟ್ಟು ಎದುರಾಳಿಯನ್ನು ತಡೆದು ಹಿಡಿಯುತ್ತಾನೆ, ಬಲಗೈಯಿಂದ ಸುಲಭದ ಅಂಕಗಳನ್ನು ಗಳಿಸುತ್ತಾನೆ. ಆದರೆ ಈ ಅಂಕಗಳಲ್ಲಿ ಹೆಚ್ಚಿನವು ಎದುರಿಗೆ ನಿಂತವನು 5 ಅಡಿ 9 ಇಂಚು ಇರುವುದರಿಂದ ಬಂದವು. ರಾಷ್ಟ್ರೀಯ ಮಟ್ಟದಲ್ಲಿ ಆ ಜಾಗದಲ್ಲಿ ಆಡುವವರು ಎರಡು ಮೀಟರಿನ ಆಸುಪಾಸಿನವರು. ಪಂಜಾಬ್, ತಮಿಳುನಾಡು, ರೈಲ್ವೇಸ್, ಸರ್ವಿಸಸ್ ತಂಡಗಳಲ್ಲಿ ಅಂಥವರಿಗೆ ಕೊರತೆಯಿಲ್ಲ. ಅವರ ಮುಂದೆ ನಿನ್ನ ಮಗ ಗಾರ್ಡ್ ಆಗಿ, ಅಂದರೆ ಬುಟ್ಟಿಯಿಂದ ದೂರದಲ್ಲಿ ಚೆಂಡು ಹಿಡಿದು ಆಟ ನಡೆಸುವವನಾಗಿ, ಆಡಬೇಕಾದ ಎತ್ತರದವನು. ಭಾರತ ತಂಡದ ನಾಯಕರಾಗಿದ್ದ, 2020ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ವಿಶೇಷ್ ಭೃಗುವಂಶಿ ಅವನಿಗಿಂತ ಎತ್ತರದವರು, ಆದರೂ ಅವರು ಆಡಿದ್ದು ಗಾರ್ಡ್ ಆಗಿ. ಅಂಕಣದ ಅರ್ಧದಿಂದ ಚೆಂಡನ್ನು ತಾನೇ ತರುವುದು, ಎರಡೂ ಕೈಗಳಿಂದ ಡ್ರಿಬಲ್ ಮಾಡುವುದು ಅಂದರೆ ಚೆಂಡು ಪುಟಿಸುತ್ತ ಸಾಗುವುದು, 6.75 ಮೀಟರ್ ದೂರದ ಮೂರು ಅಂಕದ ಗೆರೆಯಾಚೆಯಿಂದ ಎಸೆಯುವುದು, ಚುರುಕಾದ ಗಾರ್ಡ್‌ಗಳನ್ನು ಕಾಲಿನ ಚಲನೆಯಿಂದಲೇ ತಡೆಯುವುದು, ಇವು ಆ ಜಾಗದ ಕೆಲಸಗಳು. ಇವುಗಳಲ್ಲಿ ಅವನಿಗೆ ಸದ್ಯ ಯಾವುದೂ ಪೂರ್ತಿಯಾಗಿ ಬರುವುದಿಲ್ಲ. ಎಡಗೈಯಿಂದ ಮೂರು ಬಾರಿ ಚೆಂಡು ಪುಟಿಸಿದರೆ ನಾಲ್ಕನೆಯ ಬಾರಿ ತಲೆ ತಗ್ಗಿಸಿ ಚೆಂಡನ್ನೇ ನೋಡುತ್ತಾನೆ.

ಹಾಗಾದರೆ ದಾರಿಯಿದೆ ಎಂದು ಏಕೆ ಹೇಳುತ್ತೇನೆ ಎಂದರೆ, ಕಲಿಸಿದರೂ ಬಾರದ ಎರಡು ಗುಣಗಳು ಅವನಲ್ಲಿ ಆಗಲೇ ಇವೆ. ಇಬ್ಬರು ಮುತ್ತಿಕೊಂಡಾಗ ಅವನು ಗಾಬರಿಯಾಗುವುದಿಲ್ಲ. ಮೂಲೆಯಲ್ಲಿ ಒಂಟಿಯಾಗಿ ನಿಂತ ಜೊತೆಗಾರ ಅವನ ಕಣ್ಣಿಗೆ ಬೀಳುತ್ತಾನೆ, ಚೆಂಡು ತಡವಾಗದೆ ಅಲ್ಲಿಗೆ ಹೋಗುತ್ತದೆ. ಅವನ ಫ್ರೀ ಥ್ರೋ, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ತಡೆಯಿಲ್ಲದ ಎಸೆತ, ಕೂಡ ಒಂದೇ ಹದದಲ್ಲಿ ಹೋಗುತ್ತದೆ. ಫ್ರೀ ಥ್ರೋದಲ್ಲಿ ಕೈ ಸ್ಥಿರವಾಗಿರುವವನು ದೂರದ ಎಸೆತವನ್ನೂ ಕಲಿಯಬಲ್ಲ ಎಂಬುದು ಆಟಗಾರರನ್ನು ಆಯ್ಕೆ ಮಾಡುವವರು ಸಾಮಾನ್ಯವಾಗಿ ನಂಬುವ ಮಾತು. ನನಗೂ ಆ ನಂಬಿಕೆಯಿದೆ.

ಅವನ ಕೋಣೆಯ ಗೋಡೆಯ ಮೇಲಿರುವ, ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಚಿತ್ರಗಳ ಬಗ್ಗೆಯೂ ನೀನು ಕೇಳಿದ್ದೆ. ಅಲ್ಲಿನ ಲೆಕ್ಕ ಹೀಗಿದೆ. ಎನ್‌ಬಿಎಯಲ್ಲಿ 30 ತಂಡಗಳು, ಪ್ರತಿ ತಂಡಕ್ಕೆ ಪೂರ್ಣ ಒಪ್ಪಂದದ 15 ಆಟಗಾರರು, ಅಂದರೆ ಜಗತ್ತಿಗೆಲ್ಲ 450 ಸ್ಥಾನಗಳು. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳಲು ವರ್ಷಕ್ಕೊಮ್ಮೆ ನಡೆಯುವ ಡ್ರಾಫ್ಟಿನ ಎರಡು ಸುತ್ತುಗಳಲ್ಲಿ ಹೆಚ್ಚೆಂದರೆ 60 ಹೆಸರುಗಳನ್ನು ಕರೆಯುತ್ತಾರೆ, ಅದರಲ್ಲಿ ಯುರೋಪು, ಆಫ್ರಿಕ, ಆಸ್ಟ್ರೇಲಿಯದಿಂದ ಬಂದವರೂ ಸೇರಿರುತ್ತಾರೆ. ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎಯ ಮೊದಲ ದರ್ಜೆಯೊಂದರಲ್ಲೇ 350ಕ್ಕೂ ಹೆಚ್ಚು ತಂಡಗಳಿವೆ. ಡ್ರಾಫ್ಟಿಗೆ ಅರ್ಹರಾಗುವ ಕಾಲೇಜು ಆಟಗಾರರಲ್ಲಿ ಆಯ್ಕೆಯಾಗುವವರು ನೂರಕ್ಕೆ ಸುಮಾರು ಒಬ್ಬರು ಎಂದು ಆ ಸಂಸ್ಥೆಯೇ ಅಂದಾಜಿಸುತ್ತದೆ. ಪಂಜಾಬಿನ ಹಳ್ಳಿಯೊಂದರಿಂದ ಹದಿನಾಲ್ಕರ ವಯಸ್ಸಿಗೇ ಫ್ಲಾರಿಡಕ್ಕೆ ಹೋಗಿ ತರಬೇತಿ ಪಡೆದ, 7 ಅಡಿ 2 ಇಂಚಿನ ಸತ್ನಾಮ್ ಸಿಂಗ್ 2015ರಲ್ಲಿ 52ನೆಯವರಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದರು. ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದ ಮೊದಲಿಗರು ಅವರು. ಅವರಿಗೂ ಎನ್‌ಬಿಎಯ ಒಂದು ಲೀಗ್ ಪಂದ್ಯದಲ್ಲಿಯೂ ಕಣಕ್ಕಿಳಿಯಲು ಆಗಲಿಲ್ಲ. ಮಗ ನಿನಗೆ ಮಗ್ಸಿ ಬೋಗ್ಸ್ ಅವರ ಹೆಸರು ಹೇಳಿರಬಹುದು. ಕೇವಲ 160 ಸೆಂಟಿಮೀಟರ್ ಎತ್ತರದ ಬೋಗ್ಸ್ 1987ರ ಡ್ರಾಫ್ಟಿನಲ್ಲಿ 12ನೆಯವರಾಗಿ ಆಯ್ಕೆಯಾಗಿ 14 ಋತುಗಳು ಆಡಿದ್ದು ನಿಜ. ಆದರೆ ಅವರು ಉಳಿದುಕೊಂಡದ್ದು ಚೆಂಡಿನ ಮೇಲಿನ ಹಿಡಿತದಿಂದ, ಅಂದರೆ ನಿನ್ನ ಮಗ ಇನ್ನೂ ಕಲಿಯದ ವಿದ್ಯೆಯಿಂದ.

ಪದವಿಯ ನಂತರ ಅಮೆರಿಕಕ್ಕೆ ಓದಲು ಹೋಗಿ ಅಲ್ಲಿನ ಕಾಲೇಜಿಗೆ ಆಡುತ್ತೇನೆ ಎಂಬ ಯೋಚನೆಯಲ್ಲಿಯೂ ಒಂದು ತೊಡಕಿದೆ. ಎನ್‌ಸಿಎಎಯ ಮೊದಲ ದರ್ಜೆಯಲ್ಲಿ ಇದುವರೆಗೆ ಇರುವ ನಿಯಮದ ಪ್ರಕಾರ ಆಟಗಾರನಿಗೆ ಐದು ವರ್ಷಗಳ ಅವಧಿ ಸಿಗುತ್ತದೆ, ಆ ಅವಧಿ ಯಾವುದೇ ದೇಶದ ಕಾಲೇಜಿಗೆ ಪೂರ್ಣಾವಧಿ ವಿದ್ಯಾರ್ಥಿಯಾಗಿ ಸೇರಿದ ದಿನದಿಂದಲೇ ಓಡತೊಡಗುತ್ತದೆ. ಮಂಗಳೂರಿನಲ್ಲಿ ಕಳೆದ ಮೂರು ವರ್ಷಗಳೂ ಅದರಲ್ಲಿ ಕಳೆದುಹೋಗುತ್ತವೆ.

ಇನ್ನು ನಮ್ಮ ದೇಶದ ಮಾತು. ಕಬಡ್ಡಿಯಲ್ಲಿ 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಆಡಿಯೇ ಬದುಕಬಹುದು ಎಂಬುದನ್ನು ಕಾರ್ಕಳ, ಪುತ್ತೂರಿನ ಕಡೆಯ ಮನೆಗಳು ಕಣ್ಣಾರೆ ಕಂಡವು. 2017ರಲ್ಲಿ ಗುಜರಾತ್ ತಂಡವನ್ನು ಮುನ್ನಡೆಸಿದ ಸುಕೇಶ್ ಹೆಗ್ಡೆ ನಮ್ಮವರೇ. ಬ್ಯಾಸ್ಕೆಟ್‌ಬಾಲಿಗೆ ಅಂತಹ ಬಲವಾದ ಲೀಗ್ ಇನ್ನೂ ಬಂದಿಲ್ಲ. 2015ರಲ್ಲಿ ಯುಬಿಎ ಎಂಬ ಲೀಗ್ ಶುರುವಾಗಿತ್ತು. 2022ರಲ್ಲಿ ರಾಷ್ಟ್ರೀಯ ಫೆಡರೇಷನ್ನಿನ ಐಎನ್‌ಬಿಎಲ್ ಬಂತು, ಅದರಲ್ಲಿ ಬೆಂಗಳೂರಿನ ತಂಡವೂ ಇತ್ತು. ಮೂವರು ಆಡುವ ಅರ್ಧ ಅಂಕಣದ ಆಟಕ್ಕೂ 2018ರಲ್ಲಿ ಲೀಗ್ ಶುರುವಾಯಿತು, ಅದು ಅವನ ಮೈಕಟ್ಟಿಗೆ ಒಗ್ಗುವ ಆಟವೂ ಹೌದು. ಇವೆಲ್ಲ ಬೆಳೆಯಲಿ ಎಂದು ಮನಸಾರೆ ಬಯಸುತ್ತೇನೆ. ಆದರೆ ಇಂದಿನ ಸ್ಥಿತಿಯಲ್ಲಿ ಲೀಗಿನ ಸಂಭಾವನೆಯೊಂದನ್ನೇ ನಂಬಿ ವರ್ಷವಿಡೀ ಮನೆ ನಡೆಸಲಾಗದು.

ಭಾರತದ ಬ್ಯಾಸ್ಕೆಟ್‌ಬಾಲ್ ಆಟಗಾರನಿಗೆ ಇಂದಿಗೂ ಊಟ ಹಾಕುವುದು ನೌಕರಿಯೇ. ನಾವಿಬ್ಬರೂ ಆಡುತ್ತಿದ್ದ ಕಾಲದಲ್ಲಿ ಚೆನ್ನಾಗಿ ಆಡಿದರೆ ವಿಜಯಾ ಬ್ಯಾಂಕಿನ ತಂಡ ಸೇರಬಹುದು ಎಂಬ ಆಸೆ ಎಲ್ಲರಿಗೂ ಇತ್ತಲ್ಲ ಮಾರಾಯ. 1931ರಲ್ಲಿ ಮಂಗಳೂರಿನಲ್ಲಿಯೇ ಹುಟ್ಟಿದ ಆ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು, ಮರುವರ್ಷ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಹೆಸರೂ ಇಲ್ಲವಾಯಿತು. ಕರಾವಳಿಯ ಆಟಗಾರನಿಗೆ ಮನೆಯ ಬಾಗಿಲಲ್ಲೇ ಇದ್ದ ಆಸರೆ ಅದು, ನನಗೆ ಇಂದಿಗೂ ಅದರ ಬೇಸರವಿದೆ. ಈಗ ಉಳಿದಿರುವವು ಮುಖ್ಯವಾಗಿ ರೈಲ್ವೆ, ಸೇನೆ, ಒಎನ್‌ಜಿಸಿಯಂತಹ ಸಾರ್ವಜನಿಕ ಉದ್ಯಮಗಳು, ಆದಾಯ ತೆರಿಗೆ ಇಲಾಖೆ ಮತ್ತು ಚೆನ್ನೈನ ಕೆಲವು ಬ್ಯಾಂಕುಗಳು. ಭೃಗುವಂಶಿಯವರೂ ಒಎನ್‌ಜಿಸಿಯ ನೌಕರರಾಗಿಯೇ ಆಡಿದವರು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದಲ್ಲಿ ಮೊದಲ ಆದ್ಯತೆ ದೇಶಕ್ಕಾಗಿ ಆಡಿದವರಿಗೆ, ನಂತರ ರಾಜ್ಯಕ್ಕಾಗಿ ಆಡಿ ರಾಷ್ಟ್ರೀಯ ಪದಕ ಗೆದ್ದವರಿಗೆ, ಆಮೇಲೆ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಪದಕ ಗೆದ್ದವರಿಗೆ. ಆದ್ದರಿಂದ ಮಂಗಳೂರು ವಿಶ್ವವಿದ್ಯಾಲಯದ ತಂಡದಲ್ಲಿ ಸ್ಥಾನ ಪಡೆಯುವುದು, ದಕ್ಷಿಣ ವಲಯವನ್ನು ದಾಟಿ ಅಖಿಲ ಭಾರತ ಮಟ್ಟಕ್ಕೆ ಹೋಗುವುದು ಅವನ ಮುಂದಿರುವ ಮೊದಲ ಮೆಟ್ಟಿಲು. ಕಾಲೇಜುಗಳ ನಡುವಿನ ಟ್ರೋಫಿಗಳಿಗೆ ಆ ಬೆಲೆಯಿಲ್ಲ. ರೈಲ್ವೆಯ ಕ್ರೀಡಾ ಕೋಟಾಕ್ಕೆ ವಯಸ್ಸಿನ ಮಿತಿ 18ರಿಂದ 25. ಜೂನಿಯರ್ ರಾಷ್ಟ್ರೀಯ ಪಂದ್ಯಾವಳಿ 18ರ ಒಳಗಿನವರಿಗೆ ಇರುವುದರಿಂದ ಆ ಅವಕಾಶ ಮುಗಿದಿದೆ. ರಾಜ್ಯಕ್ಕಾಗಿ ಆಡಬೇಕೆಂದರೆ ಇನ್ನು ನೇರವಾಗಿ ಸೀನಿಯರ್ ತಂಡವೇ. ಅವನಿಗೀಗ ಇಪ್ಪತ್ತು. ಉಳಿದಿರುವುದು ಐದು ವರ್ಷ, ಅದರಲ್ಲಿ ಜಾಗ ಬದಲಿಸಿ ಕಲಿಯಲು ಎರಡು ವರ್ಷ ಬೇಕು.

ಇಲ್ಲಿ ಕಲಿಯುವುದಕ್ಕೆ ಮಳೆಯೂ ಒಂದು ಅಡ್ಡಿ. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಇದು, ಹೆಚ್ಚಿನ ಕಾಲೇಜುಗಳ ಅಂಕಣ ಬಯಲಿನ ಸಿಮೆಂಟು ನೆಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅದರ ಮೇಲೆ ಪಾಚಿ ಕಟ್ಟುತ್ತದೆ, ಓಡಿದರೆ ಮೊಣಕಾಲು ಹೋಗುವ ಭಯ. ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಅವನ ವಯಸ್ಸಿನ ಹುಡುಗರು ವರ್ಷಪೂರ್ತಿ ಅಭ್ಯಾಸ ಮಾಡುತ್ತಿರುವಾಗ ಇವನು ನಾಲ್ಕು ತಿಂಗಳು ಸುಮ್ಮನಿರಬೇಕಾಗುತ್ತದೆ. ಆದರೆ ಡ್ರಿಬ್ಲಿಂಗಿಗೆ ಪೂರ್ತಿ ಅಂಕಣ ಬೇಕಿಲ್ಲ. ನಿನ್ನ ಮನೆಯ ಮಾಡಿನಡಿಯ ಚಾವಡಿಯಲ್ಲಿ ಎಡಗೈಯ ಅಭ್ಯಾಸ ಆಟಿ ತಿಂಗಳ ಜೋರು ಮಳೆಯಲ್ಲಿಯೂ ನಡೆಯಬಹುದು. ಚೆಂಡಿನ ಸದ್ದು ಅಮ್ಮನಿಗೆ ತೊಂದರೆಯಾಗದ ಹೊತ್ತನ್ನು ಅವನೇ ಕೇಳಿ ತಿಳಿದುಕೊಳ್ಳಲಿ.

ಓದು ಬಿಡುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಲು ವಿದ್ಯಾರ್ಥಿಯಾಗಿರಲೇಬೇಕು, ಬಿ.ಕಾಂ. ನಂತರ ಎಂ.ಕಾಂ. ಸೇರಿದರೆ ಅದೇ ಅವಕಾಶ ಇನ್ನೆರಡು ವರ್ಷ ಮುಂದುವರಿಯುತ್ತದೆ. ಅವನ ಆಟಕ್ಕೂ ಓದಿಗೂ ಹಿತವಾದ ಲೆಕ್ಕ ಇದೇ ಎಂದು ಅತ್ತಿಗೆಗೆ ಹೇಳು.

ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಜೊತೆ ನಾನು ಮಾತನಾಡುತ್ತೇನೆ. ಪಂದ್ಯ ಗೆಲ್ಲಬೇಕಾದ ಜವಾಬ್ದಾರಿ ಅವರಿಗಿದೆ, ಬುಟ್ಟಿಯ ಕೆಳಗಿನಿಂದ ಅವನನ್ನು ಒಮ್ಮೆಲೇ ತೆಗೆಯಿರಿ ಎಂದು ಕೇಳುವುದು ನ್ಯಾಯವಲ್ಲ. ಅಭ್ಯಾಸದ ಪಂದ್ಯಗಳಲ್ಲಾದರೂ ಚೆಂಡು ತರುವ ಕೆಲಸ ಕೊಡಿ ಎಂದು ಕೇಳುವೆ. ಬೇಸಿಗೆ ರಜೆಯಲ್ಲಿ ಅವನನ್ನು ಬೆಂಗಳೂರಿನ ಯಾವುದಾದರೂ ಕ್ಲಬ್ಬಿನ ಅಭ್ಯಾಸಕ್ಕೆ ಒಂದು ತಿಂಗಳು ಕಳುಹಿಸು. ಅಲ್ಲಿನ ಗಾರ್ಡ್‌ಗಳ ಎದುರು ನಿಂತಾಗ ತನ್ನ ಮಟ್ಟ ಅವನಿಗೇ ತಿಳಿಯುತ್ತದೆ, ಆ ಮೇಲೆ ಹೊಸ ಜಾಗ ಕಲಿಯುವ ಹಟ ಅವನಲ್ಲಿ ಹುಟ್ಟುತ್ತದೋ ಇಲ್ಲವೋ ಎಂಬುದನ್ನು ನೋಡಿಯೇ ನಾವು ಮುಂದಿನ ಮಾತು ಆಡೋಣ. ಬುಟ್ಟಿಯ ಕೆಳಗಿನ ಹೊಗಳಿಕೆಗೆ ಒಗ್ಗಿದ ಹುಡುಗ ಮತ್ತೆ ಹೊಸಬನಂತೆ ಎಡವಲು ಒಪ್ಪುವನೇ ಎಂಬುದೊಂದೇ ನನಗೆ ಉಳಿದಿರುವ ಸಂದೇಹ, ಅದನ್ನು ನೀನೇ ಅವನಲ್ಲಿ ಕೇಳಬೇಕು. ಬರಿಗಾಲಿನಲ್ಲಿ ಅಳೆದ ಎತ್ತರ, ಎರಡೂ ಕೈ ಚಾಚಿದಾಗಿನ ಅಳತೆ, ಇದುವರೆಗಿನ ಪ್ರಮಾಣಪತ್ರಗಳ ಪ್ರತಿ, ಇವನ್ನು ಅವನಿಂದಲೇ ನನಗೆ ಕಳುಹಿಸಲು ಹೇಳು. ಬೆಂಗಳೂರಿನ ವ್ಯವಸ್ಥೆಯನ್ನು ನಾನು ವಿಚಾರಿಸಿಡುತ್ತೇನೆ.

ನಿನ್ನ ಗೆಳೆಯ