ಕಸಿಯ ನಂತರದ ವರ್ಷಗಳ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ರಕ್ತದ ಕಾಂಡಕೋಶ (ರಕ್ತಕಣಗಳನ್ನು ಹುಟ್ಟಿಸುವ ಮೂಲ ಕೋಶ) ಕಸಿ ಮಾಡಿಸಿಕೊಂಡ ಮಗುವಿನ ಬಗ್ಗೆ ನಿಮ್ಮ ಪತ್ರಿಕೆಯ ವರದಿ ಓದಿದೆ. ಕಾಳಜಿಯಿಂದ ಬರೆದಿದ್ದಾರೆ. ಆದರೆ ‘ಕಸಿ ಯಶಸ್ವಿ, ಮಗು ಮನೆಗೆ’ ಎಂಬಲ್ಲಿಗೆ ಮುಗಿಸಿಬಿಟ್ಟಿದ್ದಾರೆ. ಮಕ್ಕಳ ರೋಗನಿರೋಧಕ ಶಕ್ತಿಯನ್ನೇ ಅಧ್ಯಯನ ಮಾಡುವ ನನಗೆ ಇದು ಅರ್ಧ ಸುದ್ದಿ ಅನ್ನಿಸಿತು.

ಕಸಿ ಎಂದರೆ ಆಪರೇಷನ್ ಅಂದುಕೊಂಡವರೇ ಜಾಸ್ತಿ. ಹಾಗಲ್ಲ. ರಕ್ತ ಕೊಡುವಂತೆಯೇ ದಾನಿಯ ಕೋಶಗಳನ್ನು ಡ್ರಿಪ್ಪಿನಲ್ಲಿ ಕೊಡುತ್ತಾರೆ. ಅವು ತಾವಾಗಿಯೇ ಅಸ್ಥಿಮಜ್ಜೆ ಸೇರುತ್ತವೆ. ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಏರುತ್ತವೆ. ಎಲ್ಲರಿಗೂ ಸಮಾಧಾನ ಆಗುವುದು ಆಗಲೇ. ಆದರೆ ಸೋಂಕನ್ನು ಗುರುತಿಸಿ ಹೋರಾಡುವ ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಅಷ್ಟು ಬೇಗ ಬರುವುದಿಲ್ಲ. ಎಳೆಯ ಕೋಶಗಳು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಗೆ ಹೋಗಿ, ತನ್ನ ಮೈಯದ್ಯಾವುದು, ಹೊರಗಿನದ್ಯಾವುದು ಎಂದು ಕಲಿತು ಬರಬೇಕು. ಇದಕ್ಕೆ ತಿಂಗಳುಗಟ್ಟಲೆ ಬೇಕು, ಕೆಲವೊಮ್ಮೆ ವರ್ಷವೂ ಮೀರುತ್ತದೆ. ಮೊದಲು ಹಾಕಿಸಿದ ಲಸಿಕೆಗಳನ್ನೂ ಮತ್ತೆ ಹಾಕಿಸಬೇಕಾಗುತ್ತದೆ.

ಕೋಶಗಳನ್ನು ಸುಮ್ನೆ ಎಣಿಸಿದರೆ ಸಾಲದು. ದಾನಿಯಿಂದ ಬಂದ ಹಳೆಯ ಟಿ ಕೋಶಗಳೇ ಒಂದು ಎರಡಾಗಿ, ಎರಡು ನಾಲ್ಕಾಗಿ ಲೆಕ್ಕ ತುಂಬಿಸಿರಬಹುದು. ಅದಕ್ಕೆ ನಾವು ಟ್ರೆಕ್ (TREC) ಎಂಬ ಡಿಎನ್‌ಎ ಉಂಗುರವನ್ನು ನೋಡುತ್ತೇವೆ. ಥೈಮಸ್‌ನಲ್ಲಿ ಟಿ ಕೋಶ ತಯಾರಾಗುವಾಗ ಅದರ ಡಿಎನ್‌ಎಯಿಂದ ಒಂದು ತುಂಡು ಕತ್ತರಿಸಿಹೋಗಿ, ಪುಟ್ಟ ಉಂಗುರವಾಗಿ ಕೋಶದೊಳಗೇ ಉಳಿಯುತ್ತದೆ. ಮುಂದೆ ಕೋಶ ಎರಡಾದರೂ ಉಂಗುರ ಒಂದೇ. ಆದ್ದರಿಂದ ರಕ್ತದಲ್ಲಿ ಟ್ರೆಕ್ ಚೆನ್ನಾಗಿದ್ದರೆ ಥೈಮಸ್ ಹೊಸ ಕೋಶಗಳನ್ನು ಕಳಿಸುತ್ತಿದೆ ಎಂದರ್ಥ. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯಲ್ಲೂ ಇದನ್ನು ನೋಡಬಹುದು. ತೀವ್ರ ರೋಗನಿರೋಧಕ ಕೊರತೆ ಇರುವ ಶಿಶುಗಳನ್ನು ಸೋಂಕು ತಗಲುವ ಮೊದಲೇ ಪತ್ತೆ ಮಾಡಲು ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 2008ರಲ್ಲಿ ಈ ಪರೀಕ್ಷೆ ಶುರು ಮಾಡಿತು.

ಇಂಥದೇ ಕೊರತೆಯಿದ್ದ ಒಂದು ಗಂಡುಮಗುವಿಗೆ ಅಮೆರಿಕದ ವೈದ್ಯ ರಾಬರ್ಟ್ ಗುಡ್ ಅವರ ತಂಡ ಅಕ್ಕನ ಮಜ್ಜೆ ಕೊಟ್ಟು ಉಳಿಸಿದ್ದು 1968ರಲ್ಲಿ. ಇಷ್ಟು ವರ್ಷವಾದರೂ ದೊಡ್ಡ ಪ್ರಶ್ನೆಗಳು ಬಾಕಿಯಿವೆ. ದಾನಿಯ ಕೋಶಗಳಿಗೆ ಜಾಗ ಮಾಡಲು ಕಸಿಗೆ ಮೊದಲು ಕೀಮೋ ಎಷ್ಟು ಕೊಡಬೇಕು? ಕಡಿಮೆಯಾದರೆ ಪ್ರತಿಕಾಯಗಳನ್ನು ತಯಾರಿಸುವ ದಾನಿಯ ಬಿ ಕೋಶಗಳು ನೆಲೆಯೂರದೆ, ಮಗುವಿಗೆ ವರ್ಷಗಟ್ಟಲೆ ಇಮ್ಯುನೊಗ್ಲಾಬ್ಯುಲಿನ್ (ಹೊರಗಿನಿಂದ ಕೊಡುವ ಪ್ರತಿಕಾಯಗಳು) ಬೇಕಾಗಬಹುದು. ಜಾಸ್ತಿಯಾದರೆ ಎಳೆಯ ಮೈಗೆ ಪೆಟ್ಟು. ಉತ್ತರ ಸಿಗಬೇಕಾದರೆ ಆ ಮಕ್ಕಳು ದೊಡ್ಡವರಾಗುವವರೆಗೂ ಅವರ ಆರೋಗ್ಯ ಗಮನಿಸುತ್ತಿರಬೇಕು, ಅಲ್ವಾ? ಮೂರು-ನಾಲ್ಕು ವರ್ಷಕ್ಕೆ ಮುಗಿಯುವ ಅನುದಾನದಲ್ಲಿ ಅದು ಆಗುವ ಕೆಲಸವಲ್ಲ. ತಪಾಸಣೆಗೆ ಬಂದಾಗ ಮಗುವಿನ ಸ್ವಲ್ಪ ರಕ್ತವನ್ನು ಸಂಶೋಧನೆಗೆ ಕೊಡಲು ಒಪ್ಪುವ ಅಪ್ಪ-ಅಮ್ಮಂದಿರಿಂದಲೇ ನಾವು ಇಷ್ಟಾದರೂ ಕಲಿತಿದ್ದೇವೆ. ಅನುದಾನ ಕೊಡುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಆ ಮಗುವಿನ ಮನೆಯವರು ಒಪ್ಪಿದರೆ, ನಿಮ್ಮ ವರದಿಗಾರರು ಒಂದು ವರ್ಷದ ನಂತರ ಮತ್ತೊಮ್ಮೆ ಅವರನ್ನು ಮಾತಾಡಿಸಿ ಬರೆಯಲಿ ಎಂದು ಕೋರುತ್ತೇನೆ.

ಇಂತಿ,
ಒಬ್ಬ ಸಂಶೋಧಕಿ