ಅಪ್ಪಯ್ಯನ ಬೀಡಿ, ಆಯಿಯ ಕ್ಯಾಬಿನ್ನು

ಪ್ರೀತಿಯ ಗಪ್ಪತಿ,

ನೀನು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪಯ್ಯಂಗೆ ಬೀಡಿ ಇಲ್ಲದಿದ್ರೆ ಹೊತ್ತು ಹೋಗೂದಿಲ್ಲ, ಆಯಿಗೆ ಹೊಗೆ ಕಂಡ್ರೆ ಆಗೂದಿಲ್ಲ, ಇಬ್ಬರನ್ನೂ ಒಂದೇ ಹಡಗಿಗೆ ಹತ್ತಿಸೂದು ಹೆಂಗೆ ಮಾರಾಯ?" ಅರ್ಧ ತಾಸು ಮಾತಾಡಿದರೂ ಮುಗಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದಕ್ಕೆ ಬೇಜಾರಾಗಬೇಡ. ಪ್ರವಾಸದ ಹಡಗು ಹೊರಡುವ ಗೋವೆಯ ಮುರ್ಮಗಾವ್ ಬಂದರು ನಮಗೆ ಹತ್ತಿರ, ಕುಮಟೆ-ಅಂಕೋಲೆಯವರೂ ಈಗ ಇದನ್ನೇ ಕೇಳುತ್ತಿದ್ದಾರೆ. ಹನ್ನೊಂದು ವರ್ಷ ಹಡಗಿನ ಕ್ಯಾಬಿನ್ ಒರೆಸಿದವನ ಮಾತಿದು, ಬೋರ್ಡಿನ ಮೇಲೆ ಬರೆದ ನಿಯಮಕ್ಕಿಂತ ಪರದೆಯ ಮಡಿಕೆಯೊಳಗಿನ ವಿಚಾರವೇ ಜಾಸ್ತಿ ಇರುತ್ತದೆ.

ಟಿಕೆಟ್ ಮಾಡುವ ಮೊದಲು ಡೆಕ್ ಪ್ಲಾನ್, ಅಂದರೆ ಹಡಗಿನ ಮಹಡಿಗಳ ನಕ್ಷೆ, ತೆಗೆದು ನೋಡು. ಸೇದುವ ಜಾಗ ಯಾವ ಡೆಕ್ಕಿನಲ್ಲಿ, ಯಾವ ಮಗ್ಗುಲಲ್ಲಿದೆ ಅಂತ ಕೇಳಿ ತಿಳಿದುಕೋ. ಅದು ಎಡಕ್ಕಿದ್ದರೆ ನಿಮ್ಮ ಕ್ಯಾಬಿನ್ ಬಲಕ್ಕಿರಲಿ. ಹಡಗು ಓಡುವಾಗ ಹೊಗೆ ಹಿಂದಕ್ಕೆ ಜಾರುತ್ತದೆ, ಹಾಗಾಗಿ ಸೇದುವ ಜಾಗಕ್ಕಿಂತ ಹಿಂದಿರುವ ಬಾಲ್ಕನಿಗಳಿಗೆ ಅದು ಬಂದೇ ಬರುತ್ತದೆ. ಕ್ಯಾಸಿನೋದ ನೆತ್ತಿಯ ಮೇಲಿನ ಕ್ಯಾಬಿನ್ ಬೇಡವೇ ಬೇಡ. ಹಲವು ಹಡಗುಗಳಲ್ಲಿ ಅಲ್ಲಿ ಒಂದು ಮೂಲೆಯಲ್ಲಿ ಸೇದಲು ಬಿಡುತ್ತಾರೆ, ಆ ವಾಸನೆ ನಡುವಿನ ಮೆಟ್ಟಿಲುಗಳ ಪಕ್ಕದಿಂದ ಮೇಲೇರುತ್ತದೆ. ಎರಡು ಡೆಕ್ ಬಿಟ್ಟು ತಗೊಂಡರೆ ನಿಶ್ಚಿಂತೆ.

ಇನ್ನು ಗಾಳಿ. ನಮ್ಮ ಕಾರವಾರದ ಬೈತಖೋಲದ ಬೋಟಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ನೀನು ಘಟ್ಟದ ಮೇಲಿನವನು. ಗೋವೆಯಿಂದ ಕೊಚ್ಚಿಗೆ ಹೊರಟ ಹಡಗು 18 ನಾಟ್ ವೇಗದಲ್ಲಿದೆ ಅಂದುಕೋ, ಅಂದರೆ ತಾಸಿಗೆ ಸುಮಾರು 33 ಕಿಲೋಮೀಟರ್. ಎಲೆ ಅಲುಗದ ದಿನವೂ ಡೆಕ್ಕಿನ ಮೇಲೆ ಎದುರಿನಿಂದ ಅಷ್ಟು ಗಾಳಿ ಬಡಿಯುತ್ತದೆ. ಆದರೆ ಮಳೆಗಾಲ ಕಳೆದ ಮೇಲೆ ನಮ್ಮ ಕಡೆ ಮಧ್ಯಾಹ್ನ ದಾಟಿತೆಂದರೆ ವಾಯವ್ಯದ ಗಾಳಿ ಏಳುತ್ತದೆ. ಅದು 20 ಕಿಲೋಮೀಟರ್ ವೇಗದಲ್ಲಿ ಹಡಗಿನ ಬೆನ್ನಿಗೆ ಬಂದರೆ ಡೆಕ್ಕಿಗೆ ಉಳಿಯುವುದು ಬರೀ 13. ಆಗ ಹೊಗೆ ಬೇಗ ಚದುರುವುದಿಲ್ಲ, ಕುರ್ಚಿಗಳ ನಡುವೆಯೇ ಸುತ್ತುತ್ತದೆ, ನಾಲ್ಕು ಮಾರು ಆಚೆ ಕುಳಿತವರೂ ಮುಖ ತಿರುಗಿಸುತ್ತಾರೆ. ಬಡಗಣಕ್ಕೆ ವಾಪಸ್ ಬರುವಾಗ ಅದೇ ಗಾಳಿ ಎದುರು, 33ಕ್ಕೆ 20 ಸೇರಿ 53. ಆಗ ಹೊಗೆಯ ತೊಂದರೆ ಇಲ್ಲ, ಕಿಡಿಯ ತೊಂದರೆ. ಅಪ್ಪಯ್ಯನಿಗೆ ಇಷ್ಟು ಲೆಕ್ಕ ಬೇಡ. ತಲೆ ಎತ್ತಿ ಹಡಗಿನ ಹೊಗೆಕೊಳವೆಯಿಂದ ಬರುವ ಹೊಗೆ ಎತ್ತ ಬಾಗಿದೆ ನೋಡಲಿ, ಆ ಕಡೆಯ ತುದಿಗೆ ಹೋಗಿ ನಿಲ್ಲಲಿ, ತನ್ನ ಮತ್ತು ಸಮುದ್ರದ ನಡುವೆ ಯಾರೂ ಇಲ್ಲದ ಹಾಗೆ. ಅದೂ ಸೇದಲು ಗುರುತು ಮಾಡಿದ ಜಾಗದ ಒಳಗೇ.

ಬೀಡಿಯದ್ದು ಸಿಗರೇಟಿಗಿಂತ ಬೇರೆ ಕತೆ. ಬೀಡಿ ಎಲೆಯಲ್ಲಿ ಗಾಳಿಯಾಡುವುದಿಲ್ಲ, ಎಳೆಯುತ್ತಲೇ ಇರದಿದ್ದರೆ ಆರಿಹೋಗುತ್ತದೆ. ಒಂದೇ ಬೀಡಿಯನ್ನು ಎರಡು ಮೂರು ಸಲ ಹಚ್ಚಬೇಕು, ಅದೂ ಆ ಗಾಳಿಯಲ್ಲಿ ಕೈ ಮರೆಮಾಡಿಕೊಂಡು. ಪ್ರತಿ ಸಲವೂ ಒಂದು ಕಡ್ಡಿ, ಎರಡು ಕಿಡಿ. ಆರಿದ ಅರ್ಧ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳುವ, ಅಂಗಿ ಕಿಸೆಗೆ ಹಾಕುವ ಅಭ್ಯಾಸ ಹಡಗಿನಲ್ಲಿ ಬೇಡ ಅಂತ ಪ್ರೀತಿಯಿಂದಲೇ ಹೇಳು. ಬಿಗಿ ಮುಚ್ಚಳದ ಒಂದು ತಗಡಿನ ಡಬ್ಬಿ ಕೊಡು, ತಳದಲ್ಲಿ ಎರಡು ಚಮಚ ನೀರು. ಮೋಟು ಅದಕ್ಕೇ ಬೀಳಲಿ, ಚುಂಯ್ ಅಂತ ಸದ್ದು ಕೇಳಲಿ, ಆಮೇಲೆ ಮುಚ್ಚಲಿ. ಅಲ್ಲಿಟ್ಟ ಮರಳಿನ ಬೂದಿಪಾತ್ರೆಯಾದರೆ ಒತ್ತಿ ತಿರುಗಿಸಿ, ಹೊಗೆ ನಿಂತಿತೇ ಅಂತ ನೋಡಿಯೇ ಹೊರಡಬೇಕು. ಪೇಪರ್ ಕಪ್ಪು, ಟಿಶ್ಯೂ ತುಂಬಿದ ಕಸದಬುಟ್ಟಿಗೆ ಯಾವತ್ತೂ ಹಾಕಬಾರದು.

ಸಮುದ್ರಕ್ಕೆ ಎಸೆಯುವುದಂತೂ ಕೂಡದು. ಸಿಗರೇಟಿನ ಫಿಲ್ಟರ್ ನೋಡಲು ಹತ್ತಿಯ ಹಾಗೆ ಕಂಡರೂ ಅದು ಸೆಲ್ಯುಲೋಸ್ ಅಸಿಟೇಟ್, ಪ್ಲಾಸ್ಟಿಕ್ಕೇ. ಹಡಗಿನಿಂದ ಪ್ಲಾಸ್ಟಿಕ್ ನೀರಿಗೆ ಹಾಕುವುದನ್ನು ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಯಾವ ಸಮುದ್ರದಲ್ಲೂ ಬಿಡುವುದಿಲ್ಲ. ಅದಕ್ಕಿಂತ ಹತ್ತಿರದ ಅಪಾಯ ಬೇರೆ ಇದೆ. ಕಟಾಂಜನದಾಚೆ ಎಸೆದ ತುಂಡು ನೀರಿಗೆ ಬೀಳದೆ ಗಾಳಿಯ ಸುಳಿಗೆ ಸಿಕ್ಕಿ ಹಿಂದಿನ, ಕೆಳಗಿನ ಬಾಲ್ಕನಿಗೆ ವಾಪಸ್ ಬರುತ್ತದೆ. ಅಲ್ಲಿ ಯಾರದೋ ಈಜುವ ಟವೆಲ್ಲು ಒಣಗುತ್ತಿರುತ್ತದೆ. 2006ರ ಮಾರ್ಚ್ 23ರ ನಸುಕಿನಲ್ಲಿ ಜಮೈಕಾದತ್ತ ಹೋಗುತ್ತಿದ್ದ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಯೊಂದರಲ್ಲಿ ಬೆಂಕಿ ಹತ್ತಿತು. ಎಸೆದ ಸಿಗರೇಟು ತುಂಡೇ ಕಾರಣವಿರಬೇಕು ಎಂದಿತು ತನಿಖೆ. ಬಾಲ್ಕನಿಗಳ ನಡುವಿನ ಅಡ್ಡತಟ್ಟಿಗಳು ಪ್ಲಾಸ್ಟಿಕ್ಕಿನವು, ಮೇಲೆ ಗಾಳಿ ಬೇರೆ. ಬೆಂಕಿ ಡೆಕ್ಕಿನಿಂದ ಡೆಕ್ಕಿಗೆ ಹತ್ತಿತು, 79 ಕ್ಯಾಬಿನ್ ಪೂರ್ತಿ ಹಾಳಾದವು, ಹೊಗೆ ಕುಡಿದು ಒಬ್ಬ ಪ್ರಯಾಣಿಕ ತೀರಿಕೊಂಡ. ಕ್ಯಾಬಿನ್ನಿನಲ್ಲಿ, ಬಾಲ್ಕನಿಯಲ್ಲಿ ಸೇದಿದರೆ ದೊಡ್ಡ ಕಂಪನಿಗಳು 250 ಡಾಲರ್, ಕೆಲವು 500 ಡಾಲರ್ ಬಿಲ್ಲಿಗೆ ಹಾಕುತ್ತವೆ. ದುಡ್ಡು ಕೀಳಲು ಮಾಡಿದ್ದು ಅಂತ ಎಷ್ಟೋ ಮಂದಿ ನನ್ನೆದುರು ಜಗಳಕ್ಕೆ ನಿಂತಿದ್ದಾರೆ. ನಾನು ಹೇಳುತ್ತಿದ್ದದ್ದು ಒಂದೇ: ನಡುನೀರಿನಲ್ಲಿ ಓಡಿಹೋಗಲು ಅಂಗಳ ಇಲ್ಲ.

ಇ-ಸಿಗರೇಟಿನ ಯೋಚನೆ ನಿನ್ನ ತಮ್ಮ ಮಾಡಿದ್ದಾನೆ ಅಂದೆಯಲ್ಲ, ಬೇಡ ಅನ್ನು. 2019ರ ಕಾಯ್ದೆ ಬಂದ ಮೇಲೆ ನಮ್ಮ ದೇಶದಲ್ಲಿ ಅದರ ಮಾರಾಟವೇ ನಿಷೇಧ. ಆಯಿಯ ಎಲೆ-ಅಡಿಕೆ ಕವಳ ಉಗುಳಲು ಮುಚ್ಚಳವಿರುವ ಒಂದು ಲೋಟ ಬೇರೆಯೇ ಇರಲಿ. ಕವಳದ ಚರಟ, ಬೀಡಿ ಮೋಟು ಯಾವುದನ್ನೂ ಟಾಯ್ಲೆಟ್ಟಿಗೆ ಹಾಕಬಾರದು. ಹಡಗಿನ ಟಾಯ್ಲೆಟ್ ನೀರು ಸುರಿದು ತಳ್ಳುವಂಥದ್ದಲ್ಲ, ಗಾಳಿಯಿಂದ ಹೀರುವಂಥದ್ದು, ಸಣ್ಣ ಪೈಪು. ಒಂದು ಕಡೆ ಕಟ್ಟಿಕೊಂಡರೆ ಅದೇ ಸಾಲಿನ ಹಲವು ಕ್ಯಾಬಿನ್ನುಗಳದ್ದೂ ನಿಲ್ಲುತ್ತದೆ.

ಸೇದಿ ಬಂದ ಮೇಲಿನ ರೀತಿ ಬಹಳ ಮಂದಿಗೆ ಗೊತ್ತಿಲ್ಲ. ಕೊನೆಯ ದಂ ಎಳೆದ ಮೇಲೂ ಒಂದೆರಡು ನಿಮಿಷ ಉಸಿರಿನಲ್ಲಿ ಹೊಗೆಯ ಕಣ ಬರುತ್ತಲೇ ಇರುತ್ತದೆ. ಆ ಎರಡು ನಿಮಿಷ ಹೊರಗೇ ನಿಲ್ಲಬೇಕು, ಬೀಡಿ ಆರಿಸಿದ ಕೂಡಲೇ ಲಿಫ್ಟಿಗೆ ನುಗ್ಗಬಾರದು. ಕೈ ಮಣಿಕಟ್ಟಿನ ತನಕ ಸೋಪಿನಲ್ಲಿ ತೊಳೆಯಬೇಕು, ಮೀಸೆ ಒದ್ದೆ ಕೈಯಲ್ಲಿ ಒರೆಸಬೇಕು. ಸೇದಲಿಕ್ಕೇ ಅಂತ ಒಂದು ಮೇಲಂಗಿ ಇಟ್ಟುಕೊಂಡು, ಕ್ಯಾಬಿನ್ನಿಗೆ ಬಂದಾಗ ಅದನ್ನು ಜಿಪ್ ಚೀಲದಲ್ಲಿ ಹಾಕಿ ಮುಚ್ಚಬೇಕು. ಸೆಂಟು ಹೊಡೆದರೆ ಬೀಡಿ ವಾಸನೆಯ ಮೇಲೆ ಮಲ್ಲಿಗೆ ವಾಸನೆ ಕೂರುತ್ತದೆ ಅಷ್ಟೇ. ಸೇದದವರಿಗೂ ಒಂದು ಮಾತು: ನೋಟ ಚಂದ ಅಂತ ಸೇದುವ ಮೂಲೆಯಲ್ಲೇ ಮಕ್ಕಳ ಸಮೇತ ಕೂತು ಕೆಮ್ಮುವುದು ನ್ಯಾಯವಲ್ಲ, ಅವರಿಗಿರುವುದು ಅದೊಂದೇ ಜಾಗ.

ಹತ್ತಿದ ದಿನ ಕ್ಯಾಬಿನ್ ಬಾಗಿಲು ತೆಗೆದ ಮೊದಲ ಗಳಿಗೆಯಲ್ಲೇ ಮೂಗು ಕೊಟ್ಟು ನೋಡು. ಕೆಲವು ನಿಮಿಷ ಕಳೆದರೆ ಮೂಗು ಒಗ್ಗಿಕೊಳ್ಳುತ್ತದೆ, ಆಮೇಲೆ ಏನೂ ಗೊತ್ತಾಗುವುದಿಲ್ಲ. ಪರದೆಯ ಮಡಿಕೆ, ಸೋಫಾದ ಹೊಲಿಗೆ, ದಿಂಬಿನ ಅಡಿ, ಕಪಾಟಿನೊಳಗಿನ ಲೈಫ್ ಜಾಕೆಟ್ಟು, ಇವನ್ನು ಮೂಸು. ಲೈಫ್ ಜಾಕೆಟ್ಟನ್ನು ಯಾರೂ ಒಗೆಯುವುದಿಲ್ಲ, ಸುಳ್ಳು ಹೇಳದ ವಸ್ತು ಅದು. ಬಿಳಿ ಟಿಶ್ಯೂ ಒದ್ದೆ ಮಾಡಿ ಕಪಾಟಿನ ನೆತ್ತಿ, ಎಸಿ ಜಾಲರಿಯ ಅಂಚು ಒರೆಸಿ ನೋಡು. ಧೂಳಾದರೆ ಬೂದುಬಣ್ಣ, ಹೊಗೆಯ ಜಿಡ್ಡಾದರೆ ಚಹಾ ಚೆಲ್ಲಿದ ಹಾಗೆ ಹಳದಿ-ಕಂದು. ಕಂಡರೆ ಚೀಲ ಬಿಚ್ಚಬೇಡ. ಟಿಶ್ಯೂದ ಫೋಟೋ ತೆಗೆದು ರಿಸೆಪ್ಶನ್ನಿಗೆ ಹೇಳು, ಹೇಳಿದ್ದನ್ನು ಅವರು ಬರೆದುಕೊಳ್ಳುವ ತನಕ ಅಲ್ಲೇ ನಿಲ್ಲು. ಇಲ್ಲವಾದರೆ ಇಳಿಯುವ ದಿನ ಆ ವಾಸನೆ ಅಪ್ಪಯ್ಯನ ಲೆಕ್ಕಕ್ಕೆ ಬೀಳುತ್ತದೆ.

ಮೊದಲು ಬೇರೆ ಕ್ಯಾಬಿನ್ ಕೇಳು. ಹಡಗು ತುಂಬಿದ್ದರೆ ಪರದೆ, ದಿಂಬು, ಹೊದಿಕೆ ಬದಲಿಸಲು ಹೇಳು, ಎಸಿ ಫಿಲ್ಟರ್ ತೆಗೆದು ತೊಳೆಯಲು ಹೇಳು, ರತ್ನಗಂಬಳಿಗೆ ನೀರು ಬಿಟ್ಟು ಹೀರುವ ಯಂತ್ರ ಹಾಕಲು ಹೇಳು. ಗಾಳಿ ಶುದ್ಧ ಮಾಡುವ ಯಂತ್ರ ಕೊಟ್ಟರೆ ಅದರಲ್ಲಿ ಹೆಪಾ ಫಿಲ್ಟರಿನ ಜೊತೆ ಇದ್ದಿಲಿನ ಫಿಲ್ಟರೂ ಇದೆಯಾ ಕೇಳು, ಹೆಪಾ ಕಣವನ್ನಷ್ಟೇ ಹಿಡಿಯುತ್ತದೆ, ವಾಸನೆಯನ್ನಲ್ಲ. ಓಝೋನ್ ಯಂತ್ರ ಇಡುತ್ತೇವೆ ಅಂದರೆ ನೀವು ಒಳಗಿರುವಾಗ ಬೇಡ, ಆ ಗಾಳಿ ಎದೆಗೆ ಕೆಟ್ಟದ್ದು. ಪಕ್ಕದವರ ಹೊಗೆಯಾದರೆ ಬಾಗಿಲ ಸಂದಿಗೆ ಒದ್ದೆ ಟವೆಲ್ ಸುತ್ತಿ ಇಡು. ಬಾಲ್ಕನಿ ಬಾಗಿಲು, ಓಣಿಯ ಬಾಗಿಲು ಒಟ್ಟಿಗೆ ತೆಗೆಯಬೇಡ, ತೆಗೆದರೆ ಹೊರಗಿನ ಹೊಗೆಯೆಲ್ಲ ಒಳಗೆ ಎಳೆದುಕೊಂಡು ಬರುತ್ತದೆ. ಮೊದಲ ಸಲ ನೀನೇ ಮೆತ್ತಗೆ, "ಹೊಗೆ ನಮ್ಮ ಕಡೆ ಬರ್ತಾ ಉಂಟು, ಆಯಿಗೆ ಆಗೂದಿಲ್ಲ" ಅನ್ನು. ಎರಡನೇ ಸಲ ನೀನು ಹೋಗಬೇಡ, ಹಡಗಿನವರನ್ನು ಕಳಿಸು.

ಇಷ್ಟೆಲ್ಲ ಯಾಕೆ ಅಂದರೆ, ವಾಸನೆ ಬರೀ ಗಾಳಿಯಲ್ಲಿರುವುದಲ್ಲ, ಅಂಟಿಕೊಳ್ಳುವುದು. ನಿಕೋಟಿನ್ ಗೋಡೆಗೆ, ಬಟ್ಟೆಗೆ, ಕೂದಲಿಗೆ ಅಂಟುತ್ತದೆ, ತೇವಕ್ಕೆ ಬಿಸಿಗೆ ಮತ್ತೆ ಮೇಲೇಳುತ್ತದೆ. ಅಂಟಿದ ನಿಕೋಟಿನ್ ಗಾಳಿಯಲ್ಲಿನ ನೈಟ್ರಸ್ ಆಮ್ಲದ ಜೊತೆ ಸೇರಿ ಕ್ಯಾನ್ಸರ್ ತರುವ ನೈಟ್ರೊಸಮೈನುಗಳಾಗುತ್ತವೆ ಅಂತ 2010ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ತೋರಿಸಿದರು. ಸೇದುವವರು ಬಿಟ್ಟುಹೋಗಿ ಎರಡು ತಿಂಗಳು ಖಾಲಿ ಬಿದ್ದ ಮನೆಗಳಲ್ಲೂ ನಿಕೋಟಿನ್ ಸಿಕ್ಕಿದೆ. ಹಡಗಿನಲ್ಲಿ ಎರಡು ತಿಂಗಳಲ್ಲ, ಎರಡು ದಿನವೂ ಸಿಗುವುದಿಲ್ಲ. ಬೆಳಿಗ್ಗೆ ಒಬ್ಬರು ಇಳಿದರೆ ಮಧ್ಯಾಹ್ನ ಇನ್ನೊಬ್ಬರು ಹತ್ತುತ್ತಾರೆ, ಒಬ್ಬೊಬ್ಬ ಹುಡುಗನ ಪಾಲಿಗೆ 15-20 ಕ್ಯಾಬಿನ್. ಪರದೆ ಬಿಚ್ಚಿ ಒಗೆಯಲು ಹೊತ್ತೆಲ್ಲಿ? ನಾನು ಸ್ಪ್ರೇ ಹೊಡೆದು ಬಾಗಿಲು ಎಳೆದುಕೊಂಡ ದಿನಗಳಿವೆ. ಆ ರಾತ್ರಿ ಒಳಗೆ ಯಾರ ಮಗು ಮಲಗಿತ್ತೋ ಎಂದು ಆಗ ಕೇಳಿಕೊಳ್ಳಲಿಲ್ಲ, ಈಗ ಕೇಳಿಕೊಳ್ಳುತ್ತಿದ್ದೇನೆ.

ಇದನ್ನು ಬರೆಯುವ ಯೋಚನೆ ಇರಲಿಲ್ಲ, ಆದರೂ ಬರೆಯುತ್ತೇನೆ ಗಪ್ಪತಿ. ಕಳೆದ ಸಲ ನಿಮ್ಮಲ್ಲಿ ಎರಡು ದಿನ ಉಳಿದು ಹೊರಟವನು ಕನ್ನಡಕ ಮರೆತು ಗೇಟಿನ ತನಕ ವಾಪಸ್ ಬಂದೆ. ಹೋಗಿ ಹತ್ತು ನಿಮಿಷವೂ ಆಗಿರಲಿಲ್ಲ. ನಾನು ಮಲಗಿದ್ದ ಹಾಸಿಗೆ ಆಗಲೇ ಅಂಗಳದಲ್ಲಿ, ಅಡಿಕೆ ಒಣಹಾಕುವ ಅಟ್ಟದ ಮೇಲೆ, ಬಿಸಿಲಿಗೆ ಬೋರಲಾಗಿ ಬಿದ್ದಿತ್ತು. ಆಯಿ ದಿಂಬಿನ ಕವರು ಬಿಚ್ಚುತ್ತಿದ್ದರು, ಕೂಸಿನ ಪುಟ್ಟ ಕಂಬಳಿಯೂ ಅವರ ತೋಳ ಮೇಲಿತ್ತು, ನಾನು ಹೊದ್ದು ಕೂತಿದ್ದ ಕಂಬಳಿ. ಕೈ ಎಷ್ಟು ಪಳಗಿತ್ತು ಅಂದರೆ, ಪ್ರತಿ ಸಲವೂ ಹೀಗೇ ಮಾಡುತ್ತಾರೆ ಅಂತ ನೋಡಿದರೇ ತಿಳಿಯುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಒಂದು ಮಾತು ಆಡಲಿಲ್ಲ, ಕವಳದ ಬಟ್ಟಲು ಮುಂದಿಟ್ಟು "ಇನ್ನೆರಡು ದಿನ ಇರು" ಅಂತಲೇ ಅನ್ನುತ್ತಿದ್ದರು. ಬೇರೆಯವರ ಕ್ಯಾಬಿನ್ನಿನಲ್ಲಿ ಬೀಡಿ ವಾಸನೆ ಹುಡುಕಿದ ಮೂಗಿಗೆ ನನ್ನ ಅಂಗಿಯದ್ದು ಸಿಗಲಿಲ್ಲ. ಕನ್ನಡಕ ಕೇಳದೆ ತಿರುಗಿ ಬಂದೆ. ಅಪ್ಪಯ್ಯನಿಗೆ ಡಬ್ಬಿ ಕೊಡು ಅಂತ ಬರೆದೆನಲ್ಲ, ಅದೇ ಅಂಗಡಿಯಲ್ಲಿ ನನಗೂ ಒಂದು ತಗೊಂಡಿದ್ದೇನೆ. ನಿಮ್ಮ ಮನೆಗೆ ಇನ್ನು ಬರುವುದು ಬೆಳಿಗ್ಗೆ, ಮಿಂದು, ತೊಳೆದ ಅಂಗಿಯಲ್ಲಿ.

ಇರಲಿ. ಬಟ್ಟೆಯ ವಿಷಯ ಉಳಿಯಿತು. ನಿಕೋಟಿನ್ ಕ್ಷಾರದ ಜಾತಿಯದ್ದು, ಹುಳಿ ತಾಗಿದರೆ ಉಪ್ಪಾಗಿ ನೀರಿಗೆ ಕರಗುತ್ತದೆ. 10 ಲೀಟರ್ ನೀರಿಗೆ 200 ಮಿಲಿ ಬಿಳಿ ವಿನೆಗರ್ ಹಾಕಿ ಅರ್ಧ ತಾಸು ನೆನೆಸು, ಆ ನೀರು ಚೆಲ್ಲಿ ಆಮೇಲೆ ಸೋಪಿನ ಪುಡಿಯಲ್ಲಿ ಒಗೆ. ವಿನೆಗರ್ ಇರುವ ಬಕೆಟ್ಟಿಗೆ ಬ್ಲೀಚಿಂಗ್ ಮಾತ್ರ ತೋರಿಸಬೇಡ, ವಿಷದ ಗಾಳಿ ಏಳುತ್ತದೆ. ವಾಸನೆ ಪೂರ್ತಿ ಹೋಗುವ ಮೊದಲು ಇಸ್ತ್ರಿ ಬೇಡ, ಬಿಸಿಗೆ ಜಿಡ್ಡು ನೂಲಿಗೆ ಕಚ್ಚಿಕೊಳ್ಳುತ್ತದೆ. ಚೀಲಕ್ಕೆ ಒಂದು ಹಿಡಿ ಅಡುಗೆ ಸೋಡಾ ಉದುರಿಸಿ ಒಂದು ದಿನ ಮುಚ್ಚಿಟ್ಟು ಕೊಡವು, ಬಾಯಿ ತೆರೆದು ಬಿಸಿಲಿಗಿಡು. ನಿಮ್ಮ ಶಿರಸಿ ಮಳೆಗೆ ಸಿಕ್ಕಿದರೆ ಆ ಚೀಲ ಆಷಾಢದಲ್ಲಿ ಮತ್ತೆ ನಾರುತ್ತದೆ, ಹಾಗಾಗಿ ಚೌತಿಯ ತನಕ ಕಾಯದೆ ಹಡಗು ಇಳಿದು ಬಂದ ಕೂಡಲೇ ಮಾಡಿ ಮುಗಿಸು.

ದೇವಿಮನೆ ಘಾಟಿ ಇಳಿಯುವ ಮೊದಲು ಫೋನ್ ಮಾಡು, ಸ್ಟೇಷನ್ನಿಗೆ ಬರುತ್ತೇನೆ. ಆಯಿ ಅಪ್ಪೆಮಿಡಿ ಕಟ್ಟಿಕೊಡುತ್ತಾರೆ, ನನಗೆ ಗೊತ್ತು. ಭರಣಿಯ ಮುಚ್ಚಳಕ್ಕೆ ಎರಡು ಸುತ್ತು ಬಟ್ಟೆ ಕಟ್ಟು, ಹಡಗಿನ ಓಣಿಯಲ್ಲಿ ಅದರ ಘಮ ಹರಡಿದರೆ ಇಡೀ ಡೆಕ್ ಊಟಕ್ಕೆ ಬಂದು ಕೂರುತ್ತದೆ.

ನಿನ್ನ,
ಬೈತಖೋಲದವನು

(ಕನ್ನಡಕ ಕೂಸಿನ ಕೈಗೆ ಸಿಗದ ಹಾಗೆ ಎತ್ತಿಡು.)