ನಿನ್ನ ತಲೆಗೆ ಹಾಕಿದ ನೀರು

ಪುಟ್ಟೀ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಒಂದು ಕಡೆ ಕುಕ್ಕರ್ ಕೂಗುತ್ತಿತ್ತು, ಇನ್ನೊಂದು ಕಡೆ ನನಗೇ ಗಂಟಲು ಕಟ್ಟಿತು. ಅದಕ್ಕೆ ಈಗ ಕೂತು ಬರೆಯುತ್ತಿದ್ದೇನೆ. ಉದ್ದ ಆಗಬಹುದು, ಪುರುಸೊತ್ತು ಸಿಕ್ಕಾಗ ಓದು.

ಬೆಂಗಳೂರಿನಲ್ಲಿ ನೀನು ಈಗ ಹೋಗುತ್ತಿರುವ ಹೊಸ ಚರ್ಚಿನ ಸಭೆಯಲ್ಲಿ ಹೇಳಿದರಂತೆ, ಮಗುವಾಗಿದ್ದಾಗ ತಲೆಗೆ ನೀರು ಹಾಕಿಸಿಕೊಂಡ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ, ನೀನೇ ಮನಸ್ಸು ಮಾಡಿ, ನಂಬಿ, ನೀರಿನಲ್ಲಿ ಮುಳುಗಿ ಏಳಬೇಕು ಅಂತ. ಮೊದಲೇ ಒಂದು ಮಾತು. ನೀನು ಅಲ್ಲಿಗೆ ಹೋಗುವುದಕ್ಕೆ ನನಗೆ ಬೇಜಾರಿಲ್ಲ. ನಿನ್ನ ವಯಸ್ಸಿನವರು ಇದ್ದಾರೆ, ಹಾಡು ಚೆನ್ನಾಗಿರುತ್ತೆ, ನಿನಗೆ ಜ್ವರ ಬಂದಾಗ ಮೂರು ದಿನ ರೂಮಿಗೆ ಗಂಜಿ ತಂದುಕೊಟ್ಟವರು ಅವರೇ. ಆ ಉಪಕಾರ ನಾನು ಮರೆಯುವುದಿಲ್ಲ. ಆದರೆ ಈ ಒಂದು ವಿಷಯದಲ್ಲಿ ಸುಮ್ಮನಿರಲು ನನಗೆ ಆಗುವುದಿಲ್ಲ.

ನೀನು ಇನ್ನೊಂದು ಮಾತೂ ಹೇಳಿದೆ. "ಅಮ್ಮ, ನಮ್ಮ ಸಭೆಯಲ್ಲಿ ನನಗೆ ಏನೂ ಅನ್ನಿಸುತ್ತಲೇ ಇರಲಿಲ್ಲ. ಪ್ರತಿ ವಾರ ಅದೇ ಪುಸ್ತಕ, ಅದೇ ಮಾತು." ಎರಡೂ ಒಂದೇ ಪ್ರಶ್ನೆ ಅಂತ ನನಗೆ ರಾತ್ರಿಯೆಲ್ಲಾ ಅನ್ನಿಸಿತು. ಅದಕ್ಕೆ ನಿನ್ನ ಅಣ್ಣನ ವಿಷಯ ಹೇಳಲೇಬೇಕು.

ನಿನಗಿಂತ ಮೊದಲು ಒಂದು ಗಂಡುಮಗು ಹುಟ್ಟಿ ಹೋಯಿತು ಅಂತ ನಿನಗೆ ಗೊತ್ತು. ಅಷ್ಟೇ ಗೊತ್ತು. ಅವನು ಒಂಬತ್ತು ದಿನ ಇದ್ದ. ದಿನ ತುಂಬುವ ಮೊದಲೇ ಹುಟ್ಟಿದ್ದ, ಅಂಗೈ ಅಗಲ ಇದ್ದ. ಎಂಟನೆಯ ರಾತ್ರಿ ಡಾಕ್ಟರು ಮನೆಯವರನ್ನೆಲ್ಲ ಕರೆಸಿಬಿಡಿ ಅಂದರು. ಪಾಸ್ಟರ್ ಊರಲ್ಲಿರಲಿಲ್ಲ. ಆಗ ನಿನ್ನ ಅಜ್ಜಿ ನರ್ಸಮ್ಮನ ಹತ್ತಿರ ಒಂದು ಸ್ಟೀಲ್ ಲೋಟದಲ್ಲಿ ಕಾಯಿಸಿ ಆರಿಸಿದ ನೀರು ಕೇಳಿದರು. ಕೈ ತೊಳೆದುಕೊಂಡು, ಮೂರು ಬೆರಳು ಅದ್ದಿ, ಅವನ ತಲೆಯ ಮೇಲೆ ಮೂರು ಸಲ ನೀರು ಬಿಟ್ಟರು. ಪ್ರತಿ ಸಲಕ್ಕೂ ಒಂದೊಂದು ಹೆಸರು, ತಂದೆ, ಮಗ, ಪವಿತ್ರಾತ್ಮ. ಅಜ್ಜಿ ಮನೆಯಲ್ಲಿ ಕನ್ನಡವೇ ಮಾತಾಡುತ್ತಿದ್ದರಲ್ವಾ, ಆ ಹೊತ್ತಿನಲ್ಲಿ ಅವರ ಬಾಯಿಗೆ ತಮಿಳೇ ಬಂತು. ಚಿಕ್ಕವರಿದ್ದಾಗ ಕಲಿತದ್ದು. ಒಂದು ತೊಟ್ಟು ನೀರು ಅವನ ಕಿವಿಯ ಹಿಂದೆ ಇಳಿಯಿತು, ಅಜ್ಜಿ ಅದನ್ನು ಸೆರಗಿನ ತುದಿಯಿಂದ ಒತ್ತಿದರು. ಪ್ರಾಣಕ್ಕೆ ಬಂದಾಗ ಪಾಸ್ಟರೇ ಆಗಬೇಕೆಂದಿಲ್ಲ, ಯಾವ ಕ್ರೈಸ್ತರಾದರೂ ದೀಕ್ಷಾಸ್ನಾನ ಮಾಡಿಸಬಹುದು ಅನ್ನುವುದು ನಮ್ಮ ಲೂಥರನ್ ಸಭೆಯ ರೂಢಿ. ಅಜ್ಜಿಗೆ ಅದು ಗೊತ್ತಿತ್ತು.

ಅವನು ಯಾವ ತೀರ್ಮಾನ ಮಾಡಿದ್ದ ಪುಟ್ಟಿ? ಕಣ್ಣೇ ಸರಿಯಾಗಿ ಬಿಟ್ಟಿರಲಿಲ್ಲ. ಆ ನೀರು ಲೆಕ್ಕಕ್ಕಿಲ್ಲ ಅಂದರೆ ನಾನು ಇಷ್ಟು ವರ್ಷ ಹಿಡಿದುಕೊಂಡು ಬದುಕಿದ್ದು ಏನನ್ನ?

ಆಮೇಲೆ ಸುಮಾರು ಒಂದು ವರ್ಷ ನನಗೆ ದೇವರು ಇದ್ದಾನೆ ಅಂತಲೇ ಅನ್ನಿಸಲಿಲ್ಲ. ಇದನ್ನು ನಿನ್ನ ಅಪ್ಪನಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಆದರೂ ಅಜ್ಜಿ ಪ್ರತಿ ಭಾನುವಾರ ಕರೆದುಕೊಂಡು ಹೋಗಿ ತಮ್ಮ ಪಕ್ಕ ಕೂರಿಸಿಕೊಳ್ಳುತ್ತಿದ್ದರು. ನಮ್ಮ ಸಭೆ ನಿನಗೆ ಗೊತ್ತಲ್ಲ, ನಲವತ್ತು ಜನ ಬಂದರೆ ಹೆಚ್ಚು, ಹಾರ್ಮೋನಿಯಂನ ಒಂದು ಮನೆ ಒತ್ತಿದರೆ ಏಳುವುದೇ ಇಲ್ಲ. ನಾನು ಬಾಯಿ ಬಿಡುತ್ತಿರಲಿಲ್ಲ. ಪಾಪದ ಅರಿಕೆ ಬಂದಾಗ ಪಕ್ಕದವರು ಹೇಳಿದರು, ನಾವು ನಂಬುವುದನ್ನು ಹೇಳುವ ವಿಶ್ವಾಸ ಪ್ರಮಾಣಕ್ಕೆ ಎದ್ದು ನಿಂತಾಗ ಪಕ್ಕದವರು ಹೇಳಿದರು, ಕೀರ್ತನೆಯನ್ನೂ ಅವರೇ ಹಾಡಿದರು, ನಾನು ಬರೀ ನಿಂತಿದ್ದೆ. ಆ ಹಳೇ ಮಾತುಗಳು ನನ್ನನ್ನು ಕಾಯದೆ, ನನ್ನ ಮನಸ್ಸು ಸರಿಯಾಗಲಿ ಅಂತ ನೋಡದೆ, ತಮ್ಮ ಪಾಡಿಗೆ ನಡೆಯುತ್ತಿದ್ದವು. ಹೊಸದಾಗಿ ಮನಸ್ಸಿನಿಂದ ಪ್ರಾರ್ಥನೆ ಮಾಡು ಅಂತ ಅವತ್ತು ಯಾರಾದರೂ ಹೇಳಿದ್ದರೆ ನಾನು ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಕರ್ತನ ಭೋಜನದ ದಿನ ಮೊಣಕಾಲೂರಿದೆ. ಪಾಸ್ಟರ್ ಅಂಗೈಯಲ್ಲಿ ರೊಟ್ಟಿ ಇಟ್ಟು, "ಇದು ನಿನಗೋಸ್ಕರ" ಅಂದರು. ನಿನಗೆ ನಂಬಿಕೆ ಎಷ್ಟಿದೆ ಅಂತ ಕೇಳಲಿಲ್ಲ.

ಮೈಸೂರಿನಲ್ಲಿ ಯಾರಾದರೂ ಯಾವ ಚರ್ಚು ಅಂತ ಕೇಳಿ ನಾವು ಲೂಥರನ್ ಅಂದರೆ, ಫಿಲೋಮಿನಾ ಚರ್ಚಾ ಅಂತಾರೆ, ಇಲ್ಲ ಹಾರ್ಡ್ವಿಕ್ ಶಾಲೆಯವರಾ ಅಂತಾರೆ. ಒಂದು ಕ್ಯಾಥೊಲಿಕರದು, ಇನ್ನೊಂದು ವೆಸ್ಲಿಯನ್ ಮಿಷನ್‌ನವರು ಕಟ್ಟಿದ್ದು. ನಾವು ಇಲ್ಲಿ ಬಹಳ ಚಿಕ್ಕವರು. ಅಜ್ಜಿಯ ಅಪ್ಪ ತಂಜಾವೂರು ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು. ಅಲ್ಲಿ ಸಮುದ್ರದ ದಂಡೆಯ ತರಂಗಂಬಾಡಿಗೆ 1706ರಲ್ಲಿ ಸೀಗೆನ್‌ಬಾಲ್ಗ್ ಅನ್ನುವ ಜರ್ಮನ್ ಪಾಸ್ಟರ್ ಬಂದು, ತಮಿಳು ಕಲಿತು, ಹೊಸ ಒಡಂಬಡಿಕೆಯನ್ನು ತಮಿಳಿನಲ್ಲಿ ಅಚ್ಚು ಹಾಕಿಸಿದರು. ಅಜ್ಜಿಯ ಬಾಯಿಗೆ ಆ ರಾತ್ರಿ ಬಂದ ಮಾತು ಅಲ್ಲಿಂದ ನಡೆದು ಬಂದದ್ದು.

ನಂಬಿಕೆಯನ್ನು ಸಭೆಯ ಮುಂದೆ ನೀನೇ ಒಪ್ಪಿಕೊಂಡ ದೃಢೀಕರಣದ ಪಾಠಕ್ಕೆ ನಾವು ಓದಿದ ಚಿಕ್ಕ ಪ್ರಶ್ನೋತ್ತರ ಪುಸ್ತಕ ನೆನಪಿದೆಯಾ? ನಮ್ಮ ಸಭೆಗೆ ಹೆಸರು ಬಂದದ್ದು ಯಾರಿಂದಲೋ ಆ ಜರ್ಮನಿಯ ಮಾರ್ಟಿನ್ ಲೂಥರ್ ಅದನ್ನು 1529ರಲ್ಲಿ ಬರೆದರು. ಅದಕ್ಕೆ ಹಿಂದಿನ ವರ್ಷ ಹಳ್ಳಿ ಸಭೆಗಳನ್ನು ನೋಡಿಬಂದಿದ್ದರು. ಜನಕ್ಕೆ ಏನೂ ಗೊತ್ತಿರಲಿಲ್ಲ, ಕಲಿಸಬೇಕಾದ ಪಾಸ್ಟರುಗಳಿಗೂ ಕಲಿಸಲು ಬರುತ್ತಿರಲಿಲ್ಲ. ಮನೆಯ ಹಿರಿಯರು ಮನೆಯವರಿಗೆ ಹೇಳಿಕೊಡಲಿ ಅಂತ ಬರೆದದ್ದು ಅದು. ಹೆಚ್ಚುಕಡಿಮೆ ಪ್ರತಿ ಮಾತಿನ ನಂತರವೂ ಒಂದೇ ಪ್ರಶ್ನೆ, "ಇದರ ಅರ್ಥವೇನು?" ಅಷ್ಟು ದೊಡ್ಡ ವಿದ್ವಾಂಸರು ತಾವೂ ದಿನಾ ಬೆಳಿಗ್ಗೆ ಮಗುವಿನ ಹಾಗೆ ಅದನ್ನು ಹೇಳಿಕೊಳ್ಳುತ್ತೇನೆ ಅಂತ ಬರೆದಿದ್ದಾರೆ. ಅದರಲ್ಲಿ ವಿಶ್ವಾಸ ಪ್ರಮಾಣದ ಪವಿತ್ರಾತ್ಮನ ಭಾಗಕ್ಕೆ ಕೊಟ್ಟ ಅರ್ಥ ನೀನು ತಪ್ಪಿಲ್ಲದೆ ಹೇಳಿ ಬಹುಮಾನ ತೆಗೆದುಕೊಂಡಿದ್ದೆ. ನನ್ನ ಸ್ವಂತ ಬುದ್ಧಿಯಿಂದಾಗಲಿ ಬಲದಿಂದಾಗಲಿ ನಾನು ಯೇಸುವನ್ನು ನಂಬಲಾರೆ, ಪವಿತ್ರಾತ್ಮನೇ ನನ್ನನ್ನು ಕರೆದ, ಅಂತ. ನಂಬುತ್ತೇನೆ ಅನ್ನುವ ಜಾಗದಲ್ಲೇ ನನ್ನಿಂದ ನಂಬಲು ಆಗುವುದಿಲ್ಲ ಅಂತ ಬರೆದಿದೆ ನೋಡು. ಆ ವರ್ಷ ನನ್ನನ್ನು ಉಳಿಸಿದ್ದು ಇದೇ ಸಾಲು.

ನಮಗೂ ನಿನ್ನ ಹೊಸ ಸಭೆಯವರಿಗೂ ಇರುವ ವ್ಯತ್ಯಾಸ ನೀರು ಜಾಸ್ತಿಯೋ ಕಮ್ಮಿಯೋ ಅನ್ನುವುದಲ್ಲ. ಲೂಥರ್ ಕಾಲದಲ್ಲಿ ಹಸುಗೂಸುಗಳನ್ನೇ ನೀರಿನಲ್ಲಿ ಅದ್ದುತ್ತಿದ್ದರು. ಯಾರು ಮಾಡುವ ಕೆಲಸ ಅದು, ನಾನಾ, ದೇವರಾ, ಅನ್ನುವುದೇ ಪ್ರಶ್ನೆ. ನಂಬಿಕೆ ಬೇಡ ಅಂತ ನಮ್ಮ ಸಭೆ ಎಂದೂ ಹೇಳಿಲ್ಲ. ಕೊಟ್ಟದ್ದನ್ನು ಕೈಚಾಚಿ ತೆಗೆದುಕೊಳ್ಳುವುದು ನಂಬಿಕೆಯೇ. ಆದರೆ ಕೈ ನಡುಗಿತು ಅಂತ ಕೊಟ್ಟದ್ದು ಸುಳ್ಳಾಗುತ್ತಾ? ಲೂಥರ್ 1483ರ ನವೆಂಬರ್ 10ಕ್ಕೆ ಹುಟ್ಟಿದರು, ಮಾರನೇ ದಿನವೇ ದೀಕ್ಷಾಸ್ನಾನ ಆಯಿತು. ಅದೂ ಮುಂದೆ ಯಾವ ಸಭೆಯ ತಪ್ಪುಗಳ ವಿರುದ್ಧ ನಿಂತರೋ ಅದೇ ಕ್ಯಾಥೊಲಿಕ್ ಸಭೆಯಲ್ಲಿ. ಅವರು ಮತ್ತೆ ಮಾಡಿಸಿಕೊಳ್ಳಲಿಲ್ಲ. ಪಾಪ ಚುಚ್ಚಿದಾಗ, ಮನಸ್ಸು ಕುಸಿದಾಗ, "ನನಗೆ ದೀಕ್ಷಾಸ್ನಾನ ಆಗಿದೆ" ಅಂತ ಎದುರು ಹೇಳಬೇಕು ಅಂತ ತಮ್ಮ ಇನ್ನೊಂದು ಪುಸ್ತಕ ದೊಡ್ಡ ಪ್ರಶ್ನೋತ್ತರದಲ್ಲಿ ಕಲಿಸಿದ್ದಾರೆ. ಅಲ್ಲೇ ಒಂದು ಹಡಗಿನ ಮಾತು ಬರುತ್ತೆ. ಹಡಗು ಒಡೆಯುವುದಿಲ್ಲ, ನಾವೇ ಅದರಿಂದ ಬೀಳುತ್ತೇವೆ, ಬಿದ್ದವರು ಈಜಿ ಬಂದು ಮತ್ತೆ ಹಿಡಿದುಕೊಳ್ಳಬೇಕು ಅಂತ. ಅಜ್ಜಿ ನಮಗೆ ಅದನ್ನು ಶ್ರೀರಂಗಪಟ್ಟಣದ ಹರಿಗೋಲು ಮಾಡಿ ಹೇಳುತ್ತಿದ್ದರು.

ನಿನಗೆ ಈಗ ಏನೂ ಅನ್ನಿಸದಿದ್ದರೆ ಅನ್ನಿಸದೇ ಇರಲಿ ಮಗಳೇ. ಹೊಸದಾಗಿ ಮುಳುಗಿದರೆ ಆ ದಿನ ಮನಸ್ಸು ತುಂಬಿ ಬರುತ್ತೆ, ನಾನು ಇಲ್ಲ ಅನ್ನುವುದಿಲ್ಲ. ಆರು ತಿಂಗಳಿಗೆ ಮತ್ತೆ ಒಣಗಿದರೆ ಆಗ ಏನು ಮಾಡುತ್ತೀಯ? ಮೂರನೇ ಸಲ ಮುಳುಗುತ್ತೀಯಾ? ನಿನಗೆ ನಾಲ್ಕು ತಿಂಗಳಾಗಿದ್ದಾಗ, ಜೋರು ಮಳೆಯ ಒಂದು ಭಾನುವಾರ, ಕರೆಂಟು ಹೋಗಿ ಬರೀ ಮೇಣದ ಬತ್ತಿಯ ಬೆಳಕಿನಲ್ಲಿ ಪಾಸ್ಟರ್ ನಿನ್ನ ಹೆಸರು ಹಿಡಿದು ಕರೆದರು. ಎರಡನೇ ಸಲ ನೀರು ಬಿದ್ದಾಗ ನೀನು ಕಿರುಚಿದೆ. ನಾನು ಅಷ್ಟು ದಿನದ ಮೇಲೆ ಅವತ್ತೇ ಬಾಯಿ ಬಿಟ್ಟು ಹಾಡಿದ್ದು.

ತೀರ್ಮಾನ ನಿನ್ನದು. ಬಲವಂತ ಮಾಡುವುದಿಲ್ಲ, ಬೈಯುವುದೂ ಇಲ್ಲ. ಅವರಿಗೆ ಉತ್ತರ ಹೇಳುವ ಮೊದಲು ಒಂದು ಸಲ ಊರಿಗೆ ಬಾ, ಅಷ್ಟೇ ಕೇಳುವುದು. ಬರುವ ಭಾನುವಾರ ನಮ್ಮಲ್ಲಿ ಒಂದು ಮಗುವಿಗೆ ದೀಕ್ಷಾಸ್ನಾನ ಇದೆ. ಹಿತ್ತಾಳೆ ಬೋಗುಣಿ ಉಜ್ಜುವ ಕೆಲಸ ಅಜ್ಜಿ ಹೋದ ಮೇಲೆ ನನ್ನದೇ. ಹುಣಸೆಹಣ್ಣು ನೆನೆಸಿಡುತ್ತೇನೆ. ನೀನು ಶನಿವಾರ ಸಂಜೆಯ ಟ್ರೈನಿಗೆ ಹತ್ತಿದರೆ ಇಬ್ಬರೂ ಕೂತು ಉಜ್ಜಬಹುದು. ಅಪ್ಪ ಸ್ಟೇಷನ್ನಿಗೆ ಬರುತ್ತಾರೆ.

ನಿನ್ನ
ಅಮ್ಮ